ಮೂರು ಡೈರಿಗೆ ಒಂದೇ ಹಾಳೆ

ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸದಲ್ಲಿ ನನ್ನಷ್ಟು ಜಂಬದವಳು ಮಂಡ್ಯದಲ್ಲಿ ಇನ್ನೊಬ್ಬಳಿರಲಿಲ್ಲ. ಯಾರು ಎಷ್ಟು ಲೀಟರ್ ಹಾಕಿದರು, ಜಿಡ್ಡು ಎಷ್ಟು ಬಂತು ಎಂದು ಬರೆದಿಡುವ ಸಾಫ್ಟ್‌ವೇರ್ ಅದು. ಮಂಡ್ಯ ಪಕ್ಕದ ಡೈರಿಯಲ್ಲಿ ಅದು ಇಂಟರ್ನೆಟ್ ಮೇಲೆ ಓಡಬೇಕಿತ್ತು, ಮದ್ದೂರು ಕಡೆ ನೆಟ್ಟೇ ಇಲ್ಲದ ಹಳೇ ಕಂಪ್ಯೂಟರಿನಲ್ಲಿ, ಮಳವಳ್ಳಿ ಕಡೆ ಕಾರ್ಯದರ್ಶಿಯ ಮೊಬೈಲಿನಲ್ಲಿ. ಅದನ್ನು ಹೇಗೆ ನಡೆಸಬೇಕೆಂದು ಮೂರೂ ಡೈರಿಯವರಿಗೆ ಬೇರೆ ಬೇರೆ ಸೂಚನೆ ಬರಿ ಎಂದರು ನಮ್ಮ ಯಜಮಾನರು. ಒಂದೇ ಹಾಳೆ ಸಾಕು ಎಂದು ನಾನು ಹಟ ಹಿಡಿದೆ. ಸೋಮವಾರ ಬೆಳಗಿನ ಹಾಲಿನ ಲೆಕ್ಕ ಮೂರೂ ಕಡೆ ಸಾಫ್ಟ್‌ವೇರಿಗೆ ಹತ್ತದಿದ್ದರೆ ಡೈರಿ ಸುತ್ತುವುದು ಬಿಟ್ಟು ಆಫೀಸಿನಲ್ಲಿ ಫೋನ್ ಎತ್ತುತ್ತಾ ಕೂರು ಎಂದರು ಅವರು. ಡೈರಿ ಸುತ್ತುವುದೆಂದರೆ ನನಗೆ ಪ್ರಾಣ.

ಶನಿವಾರ ಹಾಳೆ ಕಳಿಸಿದೆ. ಭಾನುವಾರ ಮದ್ದೂರು ಕಡೆಯ ಡೈರಿಗೆ ಹೋದರೆ ಮೇಜು ಬರಿದಾಗಿತ್ತು. ‘ಸಿಗ್ನಲ್ ಸಿಗುವ ಜಾಗಕ್ಕೆ ಒಯ್ಯಿರಿ’ ಎಂಬ ಸಾಲನ್ನು ನಾನು ಬರೆದದ್ದು ಮೊಬೈಲಿಗೆ. ಇಲ್ಲಿ ಮೂವರು ಗಂಡಸರು ಸೇರಿ ಇಡೀ ಕಂಪ್ಯೂಟರನ್ನು ತಾರಸಿಗೆ ಹೊತ್ತಿದ್ದರು. ಬಿಸಿಲು ತಾಗಬಾರದೆಂದು ಒಬ್ಬರು ಕೊಡೆ ಬೇರೆ ಹಿಡಿದಿದ್ದರು.

ಅದನ್ನು ಇಳಿಸಿ, ಸರಿಮಾಡಿ, ಮಳವಳ್ಳಿ ಕಡೆಗೆ ಓಡಿದೆ. ಅಲ್ಲಿಯ ಕಾರ್ಯದರ್ಶಿ ನಮ್ಮಮ್ಮನ ವಯಸ್ಸಿನ ಹೆಂಗಸು. ಕಂಪ್ಯೂಟರಿಗೆಂದು ಬರೆದಿದ್ದ ‘ಬಟ್ಟೆ ಹೊದಿಸಿ, ಕದಲಿಸಬೇಡಿ’ ಎಂಬ ಸಾಲನ್ನು ಅವರು ತಪ್ಪದೆ ಪಾಲಿಸಿದ್ದರು. ಅವರ ಮನೆಯಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗವಾದ ಕೊಟ್ಟಿಗೆಯ ಕಿಟಕಿಯಲ್ಲಿ ಮೊಬೈಲು ಟವೆಲ್ ಹೊದ್ದು ಮಲಗಿತ್ತು. ನಿನ್ನೆಯಿಂದ ಫೋನ್ ಬಂದಾಗೆಲ್ಲ ಅವರು ಬಗ್ಗಿ, ಟವೆಲಿಗೆ ಕಿವಿಯಿಟ್ಟು ಮಾತಾಡುತ್ತಿದ್ದರಂತೆ. ಎಮ್ಮೆ ನನ್ನನ್ನೇ ದಿಟ್ಟಿಸುತ್ತಿತ್ತು.

ನಾನು ಒಂದೊಂದೇ ಸಾಲು ಹೇಳುತ್ತಾ ಯಾವುದು ಬೇಕು, ಯಾವುದು ಬೇಡ ಎಂದು ಬಿಡಿಸಿದೆ. ಯಾರು ಇದನ್ನು ಬರೆದದ್ದು ಎಂದು ಕೇಳಿದರು. ಆಫೀಸಿನವರು ಎಂದುಬಿಟ್ಟೆ. ನಾಚಿಕೆಯಿಂದ ಮುಖ ಸುಡುತ್ತಿತ್ತು.

“ಎಲ್ಲಾ ಕಡೇಗೂ ಒಂದೇ ಇರೋದ ಮೇಲ್ಗಡೆ ಬರ್ಕೊ. ಜಾಗಕ್ಕೊಂದಂಗೆ ಆಗೋದ ಕೆಳಗ್ಡೆ ಬರ್ದು, ಡೈರಿ ಎಸ್ರು ಹಾಕ್ಬುಡು. ಅಷ್ಟೇ ಕಣಮ್ಮ,” ಎಂದರು.

ಅಲ್ಲೇ ಹಿಂಡಿ ಮೂಟೆಯ ಮೇಲೆ ಕೂತು ಹಾಗೆಯೇ ಬರೆದು ಮೂರೂ ಕಡೆಗೆ ಕಳಿಸಿದೆ. ಸೋಮವಾರ ಬೆಳಿಗ್ಗೆ ಮೂರೂ ಡೈರಿಯ ಹಾಲಿನ ಲೆಕ್ಕ ಸಾಫ್ಟ್‌ವೇರಿಗೆ ಹತ್ತಿತು. ಯಜಮಾನರು ಹೊಸ ಹಾಳೆಯನ್ನು ಬಾಯ್ತುಂಬ ಹೊಗಳಿದರು. ತಡೆಯಲಾಗಲಿಲ್ಲ. ಮಳವಳ್ಳಿ ಕಡೆಗೆ ಫೋನ್ ಮಾಡಿ, ಆ ಮೊದಲನೇ ಹಾಳೆ ಬರೆದವಳು ನಾನೇ ಎಂದು ಒಪ್ಪಿಕೊಂಡೆ.

“ಗೊತ್ತಿತ್ತು ಕಣಮ್ಮ,” ಎಂದರು. “ಕಾಗ್ದ ನೋಡ್ದೇನೇ ಬಾಯಿಪಾಟ ಒಪ್ಪಿಸ್ತಿದ್ದೆಯಲ್ಲ.”