ಅಕ್ಕನ ಮೂರನೇ ಸುತ್ತು

ಸ್ಪಿರಿಟ್ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಬಹಳ ವರ್ಷ ಹಾಗಿರಲಿಲ್ಲ. ನನಗದು ನಮ್ಮ ಕಂಪ್ಯೂಟರ್ ಅಂಗಡಿಯ ವಾಸನೆ, ಅಕ್ಕನ ಬೆರಳಿನ ವಾಸನೆ. ಪ್ರೊಸೆಸರಿನ ಬೆನ್ನಿಗೆ ಹತ್ತಿದ, ಕಾವು ಎಳೆಯಲೆಂದು ಹಚ್ಚಿದ ಹಳೆಯ ಪೇಸ್ಟನ್ನು ಅವಳು ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಕೂಸಿನ ಮೂಗು ಒರೆಸಿದ ಹಾಗೆ ಒರೆಸುತ್ತಿದ್ದಳು. ಹೋದ ವರ್ಷ ಅವಳು ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ನನ್ನ ಮೂಗೂ ಎಲ್ಲರ ಮೂಗಿನಂತಾಯಿತು. ಅವಳು ತೀರಿಕೊಂಡ ನಂತರ ಆ ಬಾಟಲಿಯ ಮುಚ್ಚಳವನ್ನು ನಾನು ತೆಗೆದಿರಲಿಲ್ಲ. ಮೊನ್ನೆ ತೆಗೆಯಬೇಕಾಯಿತು.

ಗುರುಗುಂಟಾದ ಖಾಜಾ ಭಾಯಿ ಬಂದಿದ್ದರು. ಅಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಗಳ ವಿಡಿಯೋ ತೆಗೆದು, ಬೇಡಾದ್ದನ್ನು ಕತ್ತರಿಸಿ, ಹಾಡು ಕೂಡಿಸಿ ಕೊಡುತ್ತಾರೆ. ಅಕ್ಕನ ಹಳೆಯ ಗಿರಾಕಿ. ಹೊಸ ಕಂಪ್ಯೂಟರಿಗೆ ಯಾವ ಪ್ರೊಸೆಸರ್ ಹಾಕಿಸಬೇಕು ಎಂಬುದು ಅವರ ಚಿಂತೆ.

“ಮೊಬೈಲ್‌ನಾಗ ಎಲ್ಲಾ ನೋಡೀನಿ ತಂಗೀ. ಒಬ್ಬಾವ ಎಂಟು ಕೋರಿಂದ ತಗೋ ಅಂತಾನ, ಇನ್ನೊಬ್ಬಾವ ಆರು ಕೋರಿಂದ ಸಾಕು ಅಂತಾನ. ಅವರು ಕುಂತಿದ್ದು ಎಸಿ ಖೋಲ್ಯಾಗ. ನಂದು ತಗಡಿನ ಖೋಲಿ. ಅಕ್ಕಾರು ಇದ್ದಿದ್ರ ಹಚ್ಚಿ ನೋಡಿ ಹೇಳ್ತಿದ್ರು.” ಸ್ವಲ್ಪ ತಡೆದು, “ನೀವು ಹಚ್ಚಿ ನೋಡ್ರಿ,” ಎಂದರು.

ಈ ಹಚ್ಚಿ ನೋಡುವುದೆಂದರೆ ಏನೆಂದು ನಿಮಗೆ ಹೇಳಬೇಕು. ಮಸ್ಕಿಯ ನಮ್ಮ ಸಣ್ಣ ಅಂಗಡಿಗೆ ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಜನ ಬರುತ್ತಿದ್ದದ್ದು ಅದೊಂದೇ ಕಾರಣಕ್ಕೆ. ಕೋರು ಹೆಚ್ಚಾದಷ್ಟೂ ವೇಗ ಹೆಚ್ಚು ಎನ್ನುತ್ತಾರೆ; ಡಬ್ಬಿಯ ಮೇಲೆ ಅಚ್ಚು ಹಾಕಿದ ಆ ವೇಗವನ್ನು ನಮ್ಮಕ್ಕ ಶರಣಕ್ಕ ನಂಬುತ್ತಿರಲಿಲ್ಲ. ಎರಡು ಪ್ರೊಸೆಸರುಗಳನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ಬೋರ್ಡಿನಲ್ಲಿ ಕೂರಿಸುತ್ತಿದ್ದಳು. ಅದೇ ಮೆಮೊರಿ, ಅದೇ ಡಿಸ್ಕು, ಅದೇ ಫ್ಯಾನು. ಪೇಸ್ಟು ತೊಗರಿಕಾಳಿನಷ್ಟು. ನಾನು ಹೆಚ್ಚಿಗೆ ಹಿಂಡಿದರೆ, “ರೊಟ್ಟಿಗೆ ಬೆಣ್ಣಿ ಹಚ್ಚಾಕತ್ತೀಯೇನಬೇ?” ಎಂದು ಕೈಯಿಂದ ಕಸಿದುಕೊಳ್ಳುತ್ತಿದ್ದಳು. ಆಮೇಲೆ ಎರಡಕ್ಕೂ ಒಂದೇ ಕೆಲಸ: ನಮ್ಮ ಸೋದರಮಾವನ ಮಗಳ ಮದುವೆಯ ಹನ್ನೆರಡು ನಿಮಿಷದ ವಿಡಿಯೋವನ್ನು ಪೂರ್ತಿ ತಯಾರು ಮಾಡಿ ಕೊಡಬೇಕು. ಅದೂ ಮಧ್ಯಾಹ್ನ, ಊರ ಗುಡ್ಡದ ಬಂಡೆಯೆಲ್ಲ ಕಾದು ಅಂಗಡಿಯ ಗೋಡೆ ಮುಟ್ಟಲಾಗದ ಹೊತ್ತಿನಲ್ಲಿ. ಅದೂ ಮೂರು ಸಲ, ನಡುವೆ ಬಿಡುವಿಲ್ಲದೆ.

“ಮೊದ್ಲನೇ ಸರ್ತಿ ಎಲ್ಲಾವೂ ಹೊಸ ಅಳಿಯ ಇದ್ದಂಗ,” ಎನ್ನುತ್ತಿದ್ದಳು. “ನೀರು ತಾನ ತುಂಬ್ಕೋತಾನ, ಉಂಡ ತಾಟು ತಾನ ಎತ್ತಿಡ್ತಾನ. ಎರಡನೇ ಸರ್ತಿ ಬಂದಾಗ ಕಾಲು ಚಾಚ್ತಾನ. ಮೂರನೇ ಸರ್ತಿಗೆ ಅವನ ಖರೇ ಮಾರಿ ಕಾಣತೈತಿ.”

ಕಾವೇರಿದರೆ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಇದು ಬಲ್ಲವರಿಗೆ ಗೊತ್ತಿರುವ ಸಂಗತಿ. ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಿಂಧನೂರಿನಲ್ಲಿ ಟೈಪಿಂಗ್ ಕಲಿಯಲು ಹೋಗಿ, ಅಲ್ಲಿ ಕೆಟ್ಟು ಬಿದ್ದ ಕಂಪ್ಯೂಟರ್ ಬಿಚ್ಚಿ ನೋಡಿ ಕಲಿತವಳು ಅವಳು. ಚಳಿಗಾಲದಲ್ಲಿ ಬರೆದ ಸಮಯಕ್ಕೂ ಬೇಸಿಗೆಯಲ್ಲಿ ಬರೆದ ಸಮಯಕ್ಕೂ ತಾಳೆಯಾಗದ್ದನ್ನು ನೋಟ್‌ಬುಕ್ಕಿನಲ್ಲಿ ಕಂಡು, ಎರಡು ವರ್ಷ ತಲೆ ಕೆಡಿಸಿಕೊಂಡು, ಕೊನೆಗೆ ಈ ಮೂರು ಸುತ್ತಿನ ಪದ್ಧತಿ ಹಿಡಿದಳು. ನಾನು ಪಿಯುಸಿ ಮುಗಿಸಿದವಳು, ಅವಳು ಹತ್ತನೆಯದು. ಅವಳ ಪಕ್ಕದಲ್ಲಿ ಕೂತಾಗ ಈ ಎರಡು ವರ್ಷದ ಹೆಚ್ಚಿನ ಓದು ನನ್ನಲ್ಲಿ ಎಲ್ಲಿ ಅಡಗಿಕೊಂಡಿದೆಯೋ ಎಂದು ಹುಡುಕಿಕೊಳ್ಳುತ್ತಿದ್ದೆ.

ಆ ಮದುವೆಯ ವಿಡಿಯೋ ನಮಗೆ ಬಾಯಿಪಾಠವಾಗಿತ್ತು. ಕೆಲಸ ನಡೆಯುವಾಗ ಪರದೆಯ ಮೂಲೆಯಲ್ಲಿ ಚಿತ್ರಗಳು ಸರಿಯುತ್ತವೆ. ನೂರಕ್ಕೆ ಇಪ್ಪತ್ತು ಮುಗಿದಾಗ ಮಾವ ಪಂಚೆ ಸರಿಮಾಡಿಕೊಳ್ಳುತ್ತಾನೆ. ಅರವತ್ತಕ್ಕೆ ಅಕ್ಕ ಅಕ್ಷತೆಯ ತಾಟು ಹಿಡಿದು ಬರುತ್ತಾಳೆ. ಕ್ಯಾಮೆರಾ ಅಡ್ಡ ನಿಂತದ್ದು ಕಂಡು, ಸರಿಯಿರಿ ಎಂದು ಕೈ ಬೀಸಿ ಹೋಗುತ್ತಾಳೆ. ಕ್ಯಾಮೆರಾ ಹಿಡಿದು ನಿಂತವರು ಇದೇ ಖಾಜಾ ಭಾಯಿ. ಒಂದು ವರ್ಷದಿಂದ ನಾನು ಯಾವ ಪ್ರೊಸೆಸರನ್ನೂ ಹಚ್ಚಿ ನೋಡದೆ, ಗಿರಾಕಿ ಕೇಳಿದ್ದನ್ನೇ ಕೊಟ್ಟು ಕಳಿಸುತ್ತಿದ್ದದ್ದಕ್ಕೆ ಆ ಅರವತ್ತು ಒಂದು ಕಾರಣ.

ಇನ್ನೊಂದು ಕಾರಣವಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಏಳೆಂಟು ವರ್ಷದ ಹಿಂದೆ ಖಾಜಾ ಭಾಯಿಗಾಗಿಯೇ ಒಂದು ಪ್ರೊಸೆಸರ್ ಹಚ್ಚಿದ್ದೆವು. ಎರಡು ಸುತ್ತು ಮುಗಿದಾಗ ಅಕ್ಕ ಸ್ಟಾಪ್‌ವಾಚನ್ನು ನನ್ನ ಕೈಗೆ ಕೊಟ್ಟು ಉಣ್ಣಲು ಮನೆಗೆ ಹೋದಳು. ನನ್ನ ಊಟ ಆಗಿತ್ತು. ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಮೇಲೆ ಮಜ್ಜಿಗೆ; ಜೊತೆಗೆ ಏಪ್ರಿಲ್ ಸೆಕೆ. ಕಣ್ಣು ಬಿಟ್ಟಾಗ ಪರದೆಯ ಮೇಲೆ ‘ಮುಗಿಯಿತು’ ಎಂದಿತ್ತು. ಯಾವಾಗ ಮುಗಿಯಿತೋ ಆ ದೇವರಿಗೇ ಗೊತ್ತು, ಗಡಿಯಾರ ಮಾತ್ರ ಓಡುತ್ತಲೇ ಇತ್ತು. ನಾನು ಎರಡನೇ ಸುತ್ತಿನ ಸಮಯವನ್ನೇ ಬರೆದೆ. ಬರೆದು, ನೋಡಿದರೆ ನಿಜವೆನಿಸಲಿ ಎಂದು ಎರಡು ಸೆಕೆಂಡ್ ಕೂಡಿಸಿದೆ. ಆ ಎರಡು ಸೆಕೆಂಡಿನ ಜಾಣತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಲಗ್ನದ ದಿನಗಳು ಜೋರಾದಾಗ ಖಾಜಾ ಭಾಯಿಯ ಫೋನ್ ಬಂತು. “ಅಕ್ಕಾ, ಮದುವಿ ಮುಗದು ಕೂಸು ಹುಟ್ಟೋ ಟೈಮ್ ಬಂತು, ನಿಮ್ಮ ಮಷೀನಿನ್ಯಾಗ ವಿಡಿಯೋ ಮುಗೀವಲ್ದು!”

ಮರುದಿನ ಅಕ್ಕ ಬೇರೊಂದು ಪ್ರೊಸೆಸರನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಗುರುಗುಂಟಾಕ್ಕೆ ಹೋದಳು. ಬದಲಿಸಿ ಕೊಟ್ಟು, “ತಪ್ಪು ನಂದರಿ ಭಾಯಿ,” ಎಂದು ಹೇಳಿ, ಹಳೆಯದನ್ನು ತಂದಳು. ಅದರ ಮರುದಿನ ಮಧ್ಯಾಹ್ನ ಅದನ್ನು ನಮ್ಮ ಬೋರ್ಡಿಗೆ ಹಾಕಿ ತಾನೇ ಗಡಿಯಾರ ಹಿಡಿದು ಮೂರು ಸುತ್ತು ಓಡಿಸಿದಳು. ಮೂರನೆಯದಕ್ಕೆ ಎರಡು ನಿಮಿಷ ಹೆಚ್ಚು ಬಂತು. ನೋಟ್‌ಬುಕ್ಕು ಎದುರಿಗೇ ತೆರೆದಿತ್ತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಅವಳು ನನ್ನ ಅಂಕಿಯನ್ನು ನೋಡಿದಳು. ನಾನು ಕಸವಿಲ್ಲದ ಕಡೆ ಕಸ ಗುಡಿಸುತ್ತಿದ್ದೆ.

“ಹೋಗ್ಲಿ ಬಿಡು,” ಎಂದಳು. “ನಾ ಉಣ್ಣಾಕ ಹೋಗಬಾರದಿತ್ತು.”

ಅಷ್ಟೇ. ಬೈಗುಳಕ್ಕೆ ನಾನು ತಯಾರಾಗಿದ್ದೆ, ಬೈಯಲಿಲ್ಲ. ಮುಂದಿನ ಸಲ ಹಚ್ಚುವಾಗ ಸ್ಟಾಪ್‌ವಾಚಿನ ದಾರವನ್ನು ನನ್ನ ಕೊರಳಿಗೆ ಹಾಕಿ, “ಇನ್ನ ಮ್ಯಾಲೆ ಇದು ನಿಂದ. ನಾ ಮುಟ್ಟಂಗಿಲ್ಲ,” ಎಂದಳು. ಸಾಯುವವರೆಗೂ ಮುಟ್ಟಲಿಲ್ಲ. ಅದು ಶಿಕ್ಷೆಯೆಂದೇ ನಾನು ಬಹಳ ದಿನ ತಿಳಿದಿದ್ದೆ.

ಮೊನ್ನೆ ಆ ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡೆ. ಮೊದಲು ಆರು ಕೋರಿನದು. ಒಂಬತ್ತು ನಿಮಿಷದ ಮೇಲೆ ಚೂರು. ಮೂರು ಸಲವೂ ಹೆಚ್ಚೂಕಡಿಮೆ ಅಷ್ಟೇ. ಪ್ರತಿ ಸಲ ಅರವತ್ತರ ಹೊತ್ತಿಗೆ ಎದ್ದು ಬಾಗಿಲಿಗೆ ಹೋಗಿ ನಿಂತೆ. ಆಮೇಲೆ ಅದನ್ನು ತೆಗೆದು, ಎಂಟು ಕೋರಿನದನ್ನು ಕೂರಿಸಿದೆ. ಏಳು ನಿಮಿಷ! ಎರಡನೇ ಸಲ ಏಳೂಕಾಲು. ಖಾಜಾ ಭಾಯಿ ಖುಷಿಯಿಂದ ಎದ್ದೇಬಿಟ್ಟರು.

“ಫೈಸಲಾ ಆತಲ್ರೀ ತಂಗೀ! ಮೂರನೇದು ಯಾಕ? ಅಷ್ಟ ಅಂತ ಬರ್ಕೊಂಡುಬಿಡ್ರಿ, ನಂಗ ಬಸ್ಸಿಗೆ ಹೊತ್ತಾಗಾಕತ್ತೈತಿ.”

ಬರ್ಕೊಂಡುಬಿಡ್ರಿ. ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟೆ.

“ಕುಂದರ್ರಿ ಭಾಯಿ,” ಎಂದೆ. “ಮುಂದಿನ ಬಸ್ಸಿಗೆ ಹೋಗೀರಂತ. ನಿಮಗೊಂದು ಮಾತು ಹೇಳೋದೈತಿ.” ಮೂರನೇ ಸುತ್ತು ಶುರು ಮಾಡಿ, ಗಡಿಯಾರ ಒತ್ತಿ, ಅದು ಓಡುತ್ತಿರುವಾಗಲೇ ಎಲ್ಲ ಹೇಳಿದೆ. ನಿದ್ದೆ, ಎರಡು ಸೆಕೆಂಡು, ಕಸಬರಿಗೆ. ಅವರು ಪರದೆ ನೋಡುತ್ತ ಕೂತಿದ್ದರು. ಕಣ್ಣಿಡಲು ನನಗೂ ಪರದೆ ಬಿಟ್ಟು ಬೇರೆ ಜಾಗವಿರಲಿಲ್ಲ. ಅರವತ್ತು ಬಂತು. ಅಕ್ಕ ತಾಟು ಹಿಡಿದು ಬಂದಳು, ಕೈ ಬೀಸಿದಳು.

“ನೋಡ್ರಿ,” ಎಂದರು ಖಾಜಾ ಭಾಯಿ ಆ ಬೀಸಿದ ಕೈಯತ್ತ ಬೆರಳು ಮಾಡಿ, “ನೀವು ತಪ್ಪು ಮಾಡಿದ್ರೂ ಬೈಸ್ಕೊಳ್ಳೋದು ನಾನ!”

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವರು ತಲೆ ತಗ್ಗಿಸಿ ಕೇಳಿದರು: “ಅಕ್ಕಾರಿಗೆ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಗೊತ್ತಿದ್ದೂ ಗಡಿಯಾರ ನಿಮ್ಮ ಕೈಯಾಗ ಕೊಟ್ರಾ?”

ಅಷ್ಟರಲ್ಲಿ ಪರದೆಯ ಮೇಲೆ ‘ಮುಗಿಯಿತು’ ಎಂದು ಬಂದುಬಿಟ್ಟಿತು; ಗಡಿಯಾರ ಒತ್ತಿದೆ. ಎಂಟು ನಿಮಿಷ ಐವತ್ತೊಂದು ಸೆಕೆಂಡ್. ಖಾಜಾ ಭಾಯಿ ಬಗ್ಗಿ ಗಡಿಯಾರವನ್ನು ತಾವೇ ನೋಡಿದರು. “ಅಬ್ಬಾ! ಅಳಿಯ ಖರೇ ಮಾರಿ ತೋರ್ಸಿದ.” ಅಕ್ಕ ಅವರಿಗೂ ಆ ಮಾತು ಹೇಳಿದ್ದಳು ಅಂತಾಯಿತು. ದಿನವಿಡೀ ಓಡಿಸಿದರೆ ಇದು ಇನ್ನೂ ಹಿಂದೆ ಬೀಳುತ್ತದೆ, ಬೆಲೆಯೂ ಹೆಚ್ಚು ಎಂದು ಲೆಕ್ಕ ಹಾಕಿ, ಆರು ಕೋರಿನದನ್ನೇ, ಒಂದು ದೊಡ್ಡ ಫ್ಯಾನಿನೊಂದಿಗೆ, ಗೊತ್ತು ಮಾಡಿ ಮುಂದಿನ ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಹಳೆಯ ನೋಟ್‌ಬುಕ್ಕು ತೆಗೆದೆ. ಆ ಪುಟದಲ್ಲಿ ನನ್ನ ಸುಳ್ಳು ಅಂಕಿ ಇನ್ನೂ ಇತ್ತು. ಅಕ್ಕ ಅದನ್ನು ಹೊಡೆದು ಹಾಕಿರಲಿಲ್ಲ. ತನ್ನ ಮೂರು ಅಂಕಿಗಳನ್ನು ಕೆಳಗೆ ಬೇರೆಯಾಗಿ ಬರೆದಿದ್ದಳು. ನಾನು ಅದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ‘ನಿದ್ದೆ ಬಂದಿತ್ತು’ ಎಂದು ಬರೆದೆ.

ಎಂಟು ಕೋರಿನ ಪ್ರೊಸೆಸರನ್ನು ಬಿಚ್ಚಿ ಒರೆಸಿ ಡಬ್ಬಿಗೆ ಸೇರಿಸಿದೆ. ತೊಗರಿಕಾಳಿಗಿಂತ ಪೇಸ್ಟು ತುಸು ಹೆಚ್ಚೇ ಆಗಿತ್ತು, ಒರೆಸಲು ಹೊತ್ತು ಹಿಡಿಯಿತು. ಆಮೇಲೆ ಬೆರಳು ಮೂಸಿ ನೋಡಿದೆ. ಅಂಗಡಿಯ ವಾಸನೆಯೇ ಬಂತು.