ಚಿಕ್ಕಮ್ಮ ನೆಟ್ಟಗೆ ಮಾಡಿದ ಬೆಲ್ಟು

ಕುಂಡದಲ್ಲಿ ಒಂದು ಗಿಡ ಬದುಕಿಸಿಕೊಳ್ಳಲಾಗದ ನಮ್ಮ ಚಿಕ್ಕಮ್ಮನಿಗೆ ಹಳೇ ತೋಟದಮನೆ, ಕೃಷಿ ಮ್ಯೂಸಿಯಂ ಎಂದರೆ ಪಂಚಪ್ರಾಣ. ಆಕೆ ದರ್ಜಿ. ವಾರವೆಲ್ಲ ಹೊಲಿಗೆ ಯಂತ್ರದ ಮುಂದೆ ಬಗ್ಗಿರುತ್ತಾಳೆ. ರಜೆ ಬಂತೋ, ನನ್ನನ್ನು ಎಳೆದುಕೊಂಡು ಹೊರಟಳೆಂದೇ ಲೆಕ್ಕ. ಮರದ ನೇಗಿಲು, ಬೀಜ ಬಿತ್ತುವ ಕೂರಿಗೆ, ತೆನೆಯ ಮೇಲೆ ಉರುಳಿಸುವ ಕಲ್ಲು, ಎಲ್ಲವನ್ನೂ ಸವರಿ ನೋಡಲೇಬೇಕು. 'ಮುಟ್ಟಬೇಡಿ' ಎಂಬ ಫಲಕ ಮಾತ್ರ ಆ ಪುಣ್ಯಾತ್ಗಿತ್ತಿಯ ಕಣ್ಣಿಗೆ ಬೀಳುವುದಿಲ್ಲ.

ಈ ಹುಚ್ಚು ಹಿಡಿಸಿದ್ದು ಆಕೆಯ ಅಪ್ಪ, ಅಂದರೆ ನನ್ನ ತಾತ. ಪ್ರಾಯದಲ್ಲಿ ಅವರು ಒಕ್ಕಣೆ ಯಂತ್ರಕ್ಕೆ ಸಿವುಡು, ಅಂದರೆ ಕೊಯ್ದ ಪೈರಿನ ಕಟ್ಟು, ಉಣಿಸುವ ಕೆಲಸದಲ್ಲಿದ್ದರು. ಆ ಗದ್ದಲದಲ್ಲೇ ಕಿವಿ ಮಂದವಾಯಿತು, ಗಂಟಲು ದೊಡ್ಡದಾಯಿತು. ಈಗ ತಾತ ನೀರು ಕೇಳಿದರೆ ಪಕ್ಕದ ಮನೆಯವರೂ ಲೋಟ ಹುಡುಕುತ್ತಾರೆ! "ಅಪ್ಪಾ, ಮೆಲ್ಲಗೆ!" ಎಂದು ಚಿಕ್ಕಮ್ಮ ಗದರಿದರೆ ಬಾಯಿ ಮುಚ್ಚಿಕೊಂಡುಬಿಡುತ್ತಾರೆ. ಅರ್ಧಕ್ಕೆ ನಿಂತ ಮಾತು ಮತ್ತೆ ಮುಂದುವರಿಯುವುದಿಲ್ಲ.

ಅವರು ದುಡಿದ ಯಂತ್ರವೇ ಪೇಟೆಯಾಚೆಯ ಮ್ಯೂಸಿಯಂನಲ್ಲಿದೆಯೆಂದು ತಿಳಿದಾಗ ಚಿಕ್ಕಮ್ಮ ಕುಣಿದಾಡಿದಳು. ಆದರೆ ಅದು ಕೆಟ್ಟು ನಿಂತಿತ್ತು. ಓಡಿಸಿ ತೋರಿಸಿದರೆ ಸರಿ, ಇಲ್ಲದಿದ್ದರೆ ಗುಜರಿಗೆ ಎಂದುಬಿಟ್ಟಿದ್ದರು ಅಲ್ಲಿನ ಅಧ್ಯಕ್ಷರು. ಮೆಕ್ಯಾನಿಕ್ ಹೆಣಗಾಡಿ ಇಂಜಿನ್ನಿಗೆ ಜೀವ ತಂದ. ಹರಿದ ಕ್ಯಾನ್ವಾಸ್ ಬೆಲ್ಟನ್ನು ಚಿಕ್ಕಮ್ಮ ಮೇಲೆ ಬಿದ್ದು ಹೊಲಿದುಕೊಟ್ಟಳು.

"ಒಂದ್ಸಲ ಅಪ್ಪನ ಕಣ್ಮುಂದೆ ಅದು ಓಡ್ಬೇಕು ಕಣೇ. ಅಷ್ಟೇ ನಂಗೆ ಬೇಕಾಗಿರೋದು" ಎಂದಳು ನನಗೆ.

ಆ ದಿನ ಬಂದೇ ಬಂತು. ಜನ, ಮಕ್ಕಳು, ಅಧ್ಯಕ್ಷರು, ಗಾಲಿಕುರ್ಚಿಯಲ್ಲಿ ತಾತ! ಮೆಕ್ಯಾನಿಕ್ ಇಂಜಿನ್ನಿನ ಚಕ್ರಕ್ಕೂ ಯಂತ್ರದ ಚಕ್ರಕ್ಕೂ ಬೆಲ್ಟನ್ನು ಸಡಿಲವಾಗಿ ತೊಡಿಸಿ ಡೀಸೆಲ್ ತರಲು ಹೋದ. ಚಿಕ್ಕಮ್ಮ ನೋಡುತ್ತಾಳೆ, ಬೆಲ್ಟು ನಡುವೆ ತಿರುಚಿಕೊಂಡು ಎಂಟರ ಆಕಾರವಾಗಿದೆ. ಜೀವಮಾನವಿಡೀ ತಿರುಚಿದ ಸೊಂಟಪಟ್ಟಿಗಳನ್ನು ಬಿಚ್ಚಿ ಹೊಲಿದ ಕೈ ಸುಮ್ಮನಿದ್ದೀತೇ? ಚಕಚಕನೆ ನೆಟ್ಟಗೆ ಮಾಡಿ, ಕೈ ಕೊಡವಿಕೊಂಡು ನನಗೆ ಕಣ್ಣು ಹೊಡೆದಳು.

ಮೆಕ್ಯಾನಿಕ್ ಬಂದವನೇ ಅಧ್ಯಕ್ಷರ ಅವಸರಕ್ಕೆ ಬೆದರಿ, ಬೆಲ್ಟಿನ ಕಡೆ ನೋಡದೆ ಇಂಜಿನ್ನನ್ನು ಹಿಂದೆ ಸರಿಸಿ ಬೆಲ್ಟು ಬಿಗಿಮಾಡಿ ಚಾಲೂ ಮಾಡಿದ. ಧಡ್ ಧಡ್! ನನ್ನ ಎದೆಯೂ ಧಡ್ ಧಡ್! ಮೊದಲ ಸಿವುಡು ಬಾಯಿಗಿಟ್ಟರೆ ಯಂತ್ರ ಥೂ ಎಂದು ಉಗುಳಿತು, ನೇರ ಅಧ್ಯಕ್ಷರ ತಲೆ ಮೇಲೆ.

ಮೆಕ್ಯಾನಿಕ್ ಇಂಜಿನ್ ನಿಲ್ಲಿಸಿ ಚೀರಿದ. "ಉಲ್ಟಾ ಓಡ್ತಿದೆ! ಬೆಲ್ಟು ಯಾರ್ರೀ ಮುಟ್ಟಿದ್ದು?"

"ನಾನೇ ಕಣಪ್ಪಾ, ತಿರುಚ್ಕೊಂಡಿತ್ತು ಅಂತ ಸರಿ ಮಾಡ್ದೆ" ಎಂದಳು ಚಿಕ್ಕಮ್ಮ.

"ಅಮ್ಮಾ ತಾಯೀ, ಅದು ತಿರುಚಿದ್ರೇನೇ ಸರಿ! ಆಗ್ಲೇ ಮಿಷಿನ್ನು ಸರಿಯಾದ ದಿಕ್ಕಿಗೆ ತಿರುಗೋದು!"

ಅಧ್ಯಕ್ಷರು ತಲೆಯ ಹುಲ್ಲು ಕಿತ್ತುಕೊಳ್ಳುತ್ತ, "ಸಾಕು, ಗುಜರಿಯವನಿಗೆ ಫೋನ್ ಮಾಡಿ" ಎಂದರು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಮರುಗಳಿಗೆಯೇ ಬೆಲ್ಟು ಸಡಿಲಿಸಲು ಇಂಜಿನ್ನಿಗೆ ಹೆಗಲು ಕೊಟ್ಟು ಮುಂದಕ್ಕೆ ತಳ್ಳತೊಡಗಿದಳು. "ಇನ್ನೊಂದ್ಸಲ ಸಾರ್! ತಪ್ಪು ನಂದು, ಮಿಷಿನ್ದಲ್ಲ!" ನಾನೂ ಹೆಗಲು ಕೊಟ್ಟೆ. ಮಕ್ಕಳೆಲ್ಲ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಬೊಬ್ಬೆ ಹಾಕಿದರು. ಅಷ್ಟು ಜನರೆದುರು ಅಧ್ಯಕ್ಷರು ಹೂಂ ಎನ್ನದೆ ಏನು ಮಾಡಿಯಾರು?

ಬೆಲ್ಟು ಮತ್ತೆ ಎಂಟಾಯಿತು. ಈ ಸಲ ಸಿವುಡು ಗಬಕ್ಕನೆ ಒಳಹೋಯಿತು; ಆ ತುದಿಯಲ್ಲಿ ಕಾಳು ಸುರಿಯಿತು ನೋಡಿ, ಅಬ್ಬಬ್ಬಾ! ಅಧ್ಯಕ್ಷರೇ ಚಪ್ಪಾಳೆ ತಟ್ಟಿ, "ಇದು ಇಲ್ಲೇ ಇರ್ಲಿ" ಎಂದು ಕೈಸನ್ನೆ ಮಾಡಿದರು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ತಾತನದೊಂದು ಬಿಟ್ಟು.

"ನಿಮ್ಮಮ್ಮನ್ನ ಮೊದಲು ನೋಡಿದ್ದು ಇಲ್ಲೇ ಕಣೇ! ಆ ತುದೀಲಿ ಚೀಲ ಹಿಡ್ಕೊಂಡು ನಿಂತಿದ್ಲು!" ಎಂದು ಚಿಕ್ಕಮ್ಮನತ್ತ ಕೂಗಿದವರು, ತಟ್ಟನೆ ಬಾಯಿ ಮುಚ್ಚಿಕೊಂಡು ಮಗಳ ಮುಖ ನೋಡಿದರು.

ಚಿಕ್ಕಮ್ಮ ಅವರ ಕಿವಿಗೆ ಬಾಯಿಟ್ಟು ಕಿರುಚಿದಳು. "ನಿಲ್ಲಿಸ್ಬೇಡ ಅಪ್ಪಾ, ಹೇಳು! ಇನ್ನೂ ಜೋರಾಗಿ ಹೇಳು!"