ಗೆಳೆಯನ ಆಂಪಿಗೆ ನಾನು ಸೇರಿಸಿದ ಪೆಡಲ್

ಪೀಣ್ಯದ ಕಾರ್ಖಾನೆಯಲ್ಲಿ ನಾನು ಪವರ್ ಪ್ರೆಸ್ ಮೇಲೆ ತಗಡು ಕತ್ತರಿಸುತ್ತಿದ್ದೆ. ಪಾಳಿ ಮುಗಿದ ಮೇಲೆ ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕೈಗೆ ಹತ್ತಿದ ವಿದ್ಯೆ ಇವೆರಡೇ. ನನ್ನ ಬೇಸಿಗೆ ಆಂಪ್, ಅಂದರೆ ದನಿ ಏರಿಸಿ ಕೇಳಿಸುವ ಪೆಟ್ಟಿಗೆ, ಮಾಡಿಕೊಟ್ಟವನು ಅದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಗೆಳೆಯ. ಟ್ರಾನ್ಸ್‌ಫಾರ್ಮರನ್ನು ಕೈಯಾರೆ ಸುತ್ತಿ, ಪ್ಲೈವುಡ್ ಪೆಟ್ಟಿಗೆಗೆ ಬಸ್ಸಿನ ಸೀಟಿಗೆ ಹಾಕುವ ಕಪ್ಪು ರೆಕ್ಸಿನ್ ಅಂಟಿಸಿದ್ದ. ಮುಂದೆ ಅವನು ಕೆಲಸ ಬಿಟ್ಟು ಆಂಪ್ ರಿಪೇರಿ ಅಂಗಡಿ ಇಟ್ಟ. ಸುತ್ತಲಿನ ವಾದ್ಯಗೋಷ್ಠಿಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು.

ಕಾರ್ಯಕ್ರಮಕ್ಕೆ ಮುಂಚೆ ನಮ್ಮಲ್ಲೊಂದು ರೂಢಿಯಿತ್ತು. ವೇದಿಕೆಯ ಮೇಲಿರುವವನಿಗೆ ತನ್ನ ವಾದ್ಯ ಜನರಿಗೆ ಹೇಗೆ ಕೇಳುತ್ತಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಒಬ್ಬ ಕೊನೆಯ ಕುರ್ಚಿಸಾಲಿನ ಹಿಂದೆ ಹೋಗಿ ನಿಲ್ಲಬೇಕು. ಅಂಗೈ ಮೇಲೆತ್ತಿದರೆ ಏರಿಸು, ಕೆಳಗೆ ಒತ್ತಿದರೆ ಇಳಿಸು, ಮುಷ್ಟಿ ಹಿಡಿದರೆ ಸರಿಯಾಗಿದೆ, ಹಾಗೇ ಬಿಡು. ಆ ಕೈಯ ಜೊತೆ ಯಾರೂ ವಾದ ಮಾಡುವಂತಿಲ್ಲ. ನಮ್ಮ ತಂಡಕ್ಕೆ ಆ ಕೈ ಈ ಗೆಳೆಯನದು.

ನಾನು ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಆಂಪಿನ ದನಿ ಮಂಕಾಗುತ್ತ ಬಂತು. ಬೆರಳು ತಂತಿಗೆ ತಾಗಿದಾಗ ಟಕ್ಕೆಂದು ಬರುವ ಮೊನೆ ಮಾಯವಾಗಿ, ಕಂಬಳಿ ಹೊದಿಸಿ ಬಾರಿಸಿದಂತಿತ್ತು. ಅಂಗಡಿಗೆ ಒಯ್ದೆ. ಅವನು ಬಿಚ್ಚಿ, ಮೀಟರ್ ಇಟ್ಟು ನೋಡಿ, ತಾನೇ ತಂತಿ ಮೀಟಿದ.

"ಏನೂ ಆಗಿಲ್ಲ ಕಣೋ. ಸಕ್ಕತ್ತಾಗಿದೆ."

"ಸತ್ತೋಗಿದೆ ಅಂದ್ರೆ ಸಕ್ಕತ್ತಾಗಿದೆ ಅಂತೀಯಲ್ಲೋ. ವಯಸ್ಸಾಯ್ತು ನಿಂಗೆ."

"ನಂಗೊಬ್ನಿಗೇನಾ? ಹೋಗು, ಒಂದ್ಸಲ ಕಿವಿ ತೋರಿಸ್ಕೊಂಡ್ ಬಾ."

ಹಂಗಿಸಿದ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಅವನಿಗೆ ಹೇಳದೆ ಓವರ್‌ಡ್ರೈವ್ ಪೆಡಲ್ ಒಂದನ್ನು ತಂದೆ. ಗಿಟಾರಿಗೂ ಆಂಪಿಗೂ ನಡುವೆ ಸಿಕ್ಕಿಸುವ, ಕಾಲಿನಿಂದ ಒತ್ತುವ ಚಿಕ್ಕ ಡಬ್ಬಿ ಅದು. ದನಿ ಆಂಪನ್ನು ಮುಟ್ಟುವ ಮೊದಲೇ ಅದನ್ನು ಹಿಗ್ಗಿಸಿ, ಬೇಕೆಂದೇ ಒರಟು ಮಾಡಿ ಕಳಿಸುತ್ತದೆ. ಮನೆಯಲ್ಲಿ ಸಿಕ್ಕಿಸಿ, ಆ ಒರಟು ಹೆಚ್ಚಿಸುವ ಗೇನ್ ಗುಂಡಿ ತಿರುಗಿಸುತ್ತ ಹೋದೆ. ಟಕ್! ಕಳೆದುಹೋದ ಮೊನೆ ವಾಪಸ್ಸು ಬಂದಿತ್ತು. ಕಣ್ಣು ಒದ್ದೆಯಾಯಿತು. ಸೊಸೆ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಬಾರಿಸುವುದು ನಿಲ್ಲಿಸಿದ ಮೇಲೂ ಅವಳ ಮಾತು ನನಗೆ ಸರಿಯಾಗಿ ತಿಳಿಯಲಿಲ್ಲ. ಅದರ ಬಗ್ಗೆ ಯೋಚಿಸಲೂ ಇಲ್ಲ.

ಆ ವರ್ಷ ದೊಡ್ಡನೆಕ್ಕುಂದಿಯ ಗಣೇಶನ ಪೆಂಡಾಲಿನಲ್ಲಿ ನಮ್ಮ ಕಾರ್ಯಕ್ರಮ. ಗೆಳೆಯ ಹಿಂದೆ ಹೋಗಿ ನಿಂತ. ನಾನು ಪೆಡಲ್ ಒತ್ತಿ ಬಾರಿಸಿದೆ. ಅವನ ಅಂಗೈ ಕೆಳಗೆ ಒತ್ತಿತು. ಚೂರು ಇಳಿಸಿದೆ. ಮತ್ತೆ ಒತ್ತಿತು. ಇನ್ನೂ ಇಳಿಸಿದರೆ ನನಗೆ ಅದೇ ಕಂಬಳಿ. ಪಕ್ಕದ ಕೀಬೋರ್ಡಿನವನು ಬಾಗಿ, "ಅಣ್ಣ, ತಗಡು ಹರ್ದಂಗೆ ಕೇಳ್ತಿದೆ, ಇಳಿಸಣ್ಣ" ಎಂದ. ಇಬ್ಬರೂ ಸೇರಿಕೊಂಡಿದ್ದಾರೆ ಅನ್ನಿಸಿತು. ತನ್ನ ಆಂಪಿಗೆ ಹೊರಗಿನ ಡಬ್ಬಿ ಸೇರಿಸಿದ್ದಕ್ಕೆ ಗೆಳೆಯನಿಗೆ ಹೊಟ್ಟೆಕಿಚ್ಚು ಅನ್ನಿಸಿತು. ಗೇನ್ ಕೊನೆಯವರೆಗೆ ತಿರುಗಿಸಿಬಿಟ್ಟೆ.

ಎರಡನೆಯ ಹಾಡಿನಲ್ಲಿ ಆಂಪಿನ ಸ್ಪೀಕರ್ ಹರಿಯಿತು. ಜನ ನಕ್ಕರು. ಮುಂದಿನ ಸಾಲಿನಲ್ಲಿ ಬೇರೆ ವಾದ್ಯಗೋಷ್ಠಿಯವರೂ ಇದ್ದರು. ನಾನು ಗಾಯಕನ ಕೈಯಿಂದ ಮೈಕು ಕಿತ್ತುಕೊಂಡೆ. "ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ನಮ್ಮ ಇಂಜಿನಿಯರ್ ಸಾಹೇಬ್ರು ಕಟ್ಟಿರೋ ಡಬ್ಬಾ ಇಷ್ಟೇ. ಅಗೋ, ಹಿಂದೆ ನಿಂತವ್ರೆ, ಅವರನ್ನೇ ಕೇಳಿ!"

ಪೆಂಡಾಲಿಗೆ ಪೆಂಡಾಲೇ ತಿರುಗಿ ನೋಡಿತು. ಅವನ ಕೈ ಇನ್ನೂ ಕೆಳಮುಖವಾಗಿ ಚಾಚಿಯೇ ಇತ್ತು.

ಆಮೇಲೆ ಅವನ ಅಂಗಡಿಗೆ ಬರುವವರು ಕಡಿಮೆಯಾದರು. ಸ್ವಂತ ಗೆಳೆಯನೇ ಹಾಗೆ ಹೇಳಿದ ಮೇಲೆ ಬೇರೆಯವರು ಯಾವ ನಂಬಿಕೆಯ ಮೇಲೆ ಬಂದಾರು? ಅವನು ಬಾಗಿಲು ಹಾಕಿದ ಸುದ್ದಿ ಬಂದಾಗಲೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು.

ಕೊನೆಗೆ ಮಗ ಬಲವಂತದಿಂದ ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋದ. ಹೆಡ್‌ಫೋನ್ ಹಾಕಿ, ಸದ್ದು ಬಂದಾಗಲೆಲ್ಲ ಬೆರಳೆತ್ತಿ ಎಂದರು. ಮೊದಮೊದಲು ಎತ್ತಿದೆ. ಆಮೇಲೆ ಸದ್ದು ಬರುವುದು ನಿಂತಿತು. ಯಂತ್ರ ಕೆಟ್ಟಿರಬೇಕು ಎಂದು ಸುಮ್ಮನೆ ಕೂತೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಂದು ಭುಜ ಮುಟ್ಟಿದಳು. "ದಪ್ಪ ಸದ್ದು ಕೇಳ್ತಿದೆ ಸಾರ್, ಚೂಪಾಗಿರೋದೆಲ್ಲ ಹೋಗ್ಬಿಟ್ಟಿದೆ," ಎಂದು ಕಿವಿಯ ಹತ್ತಿರ ಜೋರಾಗಿ ಹೇಳಿದಳು. "ಪ್ರೆಸ್ ಶಾಪ್ ಸದ್ದಲ್ಲಿ ಕೆಲ್ಸ ಮಾಡ್ತಿದ್ರಾ?"

ಅಲ್ಲೇ ಎಲ್ಲ ತಿಳಿಯಿತು. ಆಂಪಿನಲ್ಲಿ ಮೊನೆ ಇತ್ತು. ಕೇಳುವ ಕಿವಿ ನನಗಿರಲಿಲ್ಲ. ಈಗ ಕಿವಿಗೆ ಯಂತ್ರ ಹಾಕಿದ್ದೇನೆ. ಗದ್ದಲ ಬರುತ್ತದೆ, ಆ ಟಕ್ ಬರುವುದಿಲ್ಲ.

ಗೆಳೆಯ ಈಗ ಹೂಡಿಯ ಟೆಕ್ ಪಾರ್ಕೊಂದರ ಗೇಟಿನಲ್ಲಿ ಸೆಕ್ಯೂರಿಟಿ. ಮೊನ್ನೆ ಹುಡುಕಿಕೊಂಡು ಹೋದೆ. "ಏನೋ?" ಎಂದು ಅವನು ಅಂದದ್ದು ತುಟಿಯಿಂದ ತಿಳಿಯಿತು.

"ಆಂಪ್ ಚೆನ್ನಾಗೇ ಇತ್ತು ಕಣೋ. ಹೋಗಿದ್ದು ನನ್ ಕಿವಿ. ಎಲ್ರೆದ್ರಿಗೆ ನಿನ್ ಮರ್ಯಾದೆ ತೆಗ್ದೆ."

ಐಡಿ ಕಾರ್ಡು ನೇತುಹಾಕಿಕೊಂಡವರೆಲ್ಲ ನಿಂತು ನಮ್ಮ ಕಡೆ ನೋಡಿದರು. ನಾನು ಕೂಗುತ್ತಿದ್ದೇನೆ ಎಂದು ನನಗೆ ಹೊಳೆಯುವ ಮೊದಲೇ ಅವನ ಅಂಗೈ ಕೆಳಗೆ ಒತ್ತಿತು.

ಈ ಸಲ ಇಳಿಸಿದೆ. ಮತ್ತೆ ಒತ್ತಿತು. ಇನ್ನೂ ಇಳಿಸಿದೆ, ನನ್ನ ದನಿ ನನಗೇ ಕೇಳದಷ್ಟು. ತಪ್ಪಾಯ್ತು ಅಂದೆನೋ, ಬರೀ ತುಟಿಯಾಡಿಸಿದೆನೋ ಗೊತ್ತಿಲ್ಲ. ಕಾರೊಂದು ಬಂತು. ಅವನು ಅತ್ತ ತಿರುಗಿ ಗೇಟಿನ ಅಡ್ಡಗಂಬ ಎತ್ತಿದ. ಕಾರು ಹೋಯಿತು, ಹಿಂದೆಯೇ ಇನ್ನೊಂದು ಬಂತು. ಸರಿಯಾಗಿದೆ ಎಂದು ಅವನು ಮುಷ್ಟಿ ಹಿಡಿದಾನೆಂದು ನಾನು ಆ ಕೈಯನ್ನೇ ನೋಡುತ್ತ ನಿಂತೆ. ಅದು ಅಡ್ಡಗಂಬವನ್ನು ಬಿಡಲೇ ಇಲ್ಲ.